ಅಳಿಸುವ ಮುನ್ನ: ಕಡತದಿಂದ ಕಂಪ್ಯೂಟರಿನವರೆಗೆ

ಕೌದಳ್ಳಿಯಿಂದ ಹನೂರಿಗೋ ಕೊಳ್ಳೇಗಾಲಕ್ಕೋ ಬಸ್ಸು ಹತ್ತಿ ಸರ್ಕಾರಿ ಕಚೇರಿಗೆ ಹೋದರೆ ಕಿವಿಗೆ ಬೀಳುವ ಮಾತು ‘ಕಡತ’. ಫೈಲಿಗೆ ನಾವು ಬಳಸುವ ಈ ಪದ ಎಲ್ಲಿಂದ ಬಂತು ಗೊತ್ತೇ?

ಹಿಂದೆ ಕನ್ನಡ ನಾಡಿನ ಶಾನುಭೋಗರು, ಅಂಗಡಿಯವರು ಲೆಕ್ಕ ಬರೆಯುತ್ತಿದ್ದುದು ಬಟ್ಟೆಯ ಮೇಲೆ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿದರೆ ಕಪ್ಪು ಹಲಗೆಯಂತಾಗುತ್ತಿತ್ತು. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಅದೇ ಕಡತ. ಲೆಕ್ಕ ತೀರಿದರೆ ಒರೆಸಿ, ಮತ್ತೆ ಮಸಿ ಬಳಿದು, ಅದೇ ಜಾಗದಲ್ಲಿ ಹೊಸದು ಬರೆಯಬಹುದಿತ್ತು. ಬೇಡದ್ದನ್ನು ಅಳಿಸಿ ಜಾಗ ಮಾಡಿಕೊಳ್ಳುವ ಕೆಲಸ ನಮಗೆ ಹೊಸದಲ್ಲ! ಒರೆಸದೆ ಉಳಿಸಿದ್ದಕ್ಕೂ ಬೆಲೆಯಿದೆ. ಶೃಂಗೇರಿ ಮಠದಲ್ಲಿ ಉಳಿದ ಕಡತಗಳು ಇಂದು ಇತಿಹಾಸಕಾರರಿಗೆ ಆಧಾರ.

ಆಮೇಲೆ ಕಾಗದ ಬಂತು, ಕಂಪ್ಯೂಟರೂ ಬಂತು. 1956ರ ಸೆಪ್ಟೆಂಬರಿನಲ್ಲಿ ಅಮೆರಿಕದ ಐಬಿಎಂ ಕಂಪನಿ ಮೊದಲ ಹಾರ್ಡ್ ಡಿಸ್ಕ್ ಇರುವ ಯಂತ್ರವನ್ನು ಹೊರತಂದಿತು. ಅದೇ ವರ್ಷ ನವೆಂಬರ್ 1ರಂದು ನಮ್ಮ ಕೊಳ್ಳೇಗಾಲ ತಾಲ್ಲೂಕು ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿತು. ಆ ಡಿಸ್ಕಿನಲ್ಲಿ 50 ದೊಡ್ಡ ತಟ್ಟೆಗಳಿದ್ದವು, ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಇಂದು ನಿಮ್ಮ ಫೋನಿನಲ್ಲಿ ತೆಗೆದ ಒಂದೆರಡು ಫೋಟೋಗೇ ಅದು ತುಂಬಿಹೋಗುತ್ತಿತ್ತು.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಯ ಕಾಲ ಮುಗಿಯಿತು. ಈಗ ಪಹಣಿಯ ಪಿಡಿಎಫ್, ಆಧಾರ್, ಮಕ್ಕಳ ಅಂಕಪಟ್ಟಿ ಎಲ್ಲವೂ ಮನೆಯ ಲ್ಯಾಪ್‌ಟಾಪಿನ ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ, ಸಿನಿಮಾಗಳ ಪಕ್ಕದಲ್ಲೇ ಕೂತಿರುತ್ತವೆ. ಅಪಾಯ ಇರುವುದೇ ಇಲ್ಲಿ.

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂದು ಹೋದರೆ ಅಳಿಸಬಹುದಾದ ಪಟ್ಟಿ ಕಾಣುತ್ತದೆ. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ. ಒಳಗೆ ಏನಿದೆ ಎಂದು ನೋಡದೆ ಅದಕ್ಕೆ ಟಿಕ್ ಹಾಕಬೇಡಿ. ಬೇಕಾದ ದಾಖಲೆಯನ್ನು ಮೊದಲು ಪೆನ್‌ಡ್ರೈವಿಗೆ ನಕಲು ಮಾಡಿ, ಅಲ್ಲಿ ತೆರೆದು ನೋಡಿ, ನಂತರ ಅಳಿಸಿ. ‘ವಿಂಡೋಸ್’, ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರುಗಳ ಒಳಗೆ ಕೈ ಹಾಕಲೇಬೇಡಿ. ಬೇಡದ ಪ್ರೋಗ್ರಾಮನ್ನು ಅನ್‌ಇನ್‌ಸ್ಟಾಲ್ ಮಾಡಿಯೇ ತೆಗೆಯಿರಿ.

ಅಳಿಸಿದ ಫೈಲು ಮೊದಲು ರೀಸೈಕಲ್ ಬಿನ್‌ಗೆ ಹೋಗುತ್ತದೆ. 1995ರ ವಿಂಡೋಸ್‌ನಿಂದ ಬಂದ ಈ ಬುಟ್ಟಿ ತಪ್ಪು ಮಾಡಿದವರಿಗೆ ಒಂದು ಅವಕಾಶ. ಪೆನ್‌ಡ್ರೈವಿನಲ್ಲಿ ಅಳಿಸಿದ್ದು ಸಾಮಾನ್ಯವಾಗಿ ಈ ಬುಟ್ಟಿಗೆ ಬರುವುದಿಲ್ಲ. ಬುಟ್ಟಿ ಖಾಲಿ ಮಾಡುವವರೆಗೆ ಜಾಗವೂ ಸಿಗುವುದಿಲ್ಲ. ಖಾಲಿ ಮಾಡಿದರೂ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಳಿಯುವುದು ವಿಳಾಸ ಮಾತ್ರ. ಅದರ ಮೇಲೆ ಹೊಸದು ಬರೆಯುವವರೆಗೆ ಬರಹ ಅಲ್ಲೇ ಇರುತ್ತದೆ, ಸರಿಯಾಗಿ ಒರೆಸದ ಬಳಪದ ಗುರುತಿನಂತೆ. ಹಾಗಾಗಿ ತಪ್ಪಿ ಅಳಿಸಿದ್ದರೆ ಆ ಕಂಪ್ಯೂಟರಿನ ಬಳಕೆ ಕೂಡಲೇ ನಿಲ್ಲಿಸಿ, ಬಲ್ಲವರಿಗೆ ತೋರಿಸಿ. ಹೊಸ ಎಸ್‌ಎಸ್‌ಡಿಗಳಲ್ಲಿ ಮರಳಿ ಸಿಗುವ ಆಸೆ ಕಡಿಮೆ.

ಹಳೆಯ ಕಂಪ್ಯೂಟರನ್ನು ಮಾರುವಾಗ ಇದೇ ಗುಣ ತಿರುಗಿ ಬೀಳುತ್ತದೆ. ಬರೀ ಡಿಲೀಟ್ ಮಾಡಿ ಕೊಟ್ಟರೆ ನಿಮ್ಮ ಆಧಾರ್, ಪಾಸ್‌ಬುಕ್ಕಿನ ಚಿತ್ರ ಕೊಂಡವರ ಕೈಗೆ ಸಿಗಬಹುದು. ‘ರೀಸೆಟ್ ದಿಸ್ ಪಿಸಿ’ಯಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆ ಒತ್ತಿ, ಡ್ರೈವ್ ಸ್ವಚ್ಛ ಮಾಡುವ ಆಯ್ಕೆಯನ್ನೂ ಆರಿಸಿ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಶಾನುಭೋಗರೂ ಕಡತಕ್ಕೆ ಮಸಿ ಬಳಿದು, ಒಣಗಲು ಬಿಟ್ಟೇ ಹೊಸ ಲೆಕ್ಕ ಬರೆಯುತ್ತಿದ್ದರು.