ರಾಟೆ ತಿರುಗಿಸಿದವಳ ಕತೆ ಎಲ್ಲಿ?

ಗೆಳೆಯರೆ, ಬರೆದ ಹೆಣ್ಣಿನ ಬದುಕನ್ನು ಕತೆ ಕಟ್ಟುವುದು ಕನ್ನಡಕ್ಕೆ ಹೊಸದಲ್ಲ. ಹರಿಹರ ಮಹಾದೇವಿಯಕ್ಕನ ರಗಳೆ ಬರೆದ. ಅದರಲ್ಲಿ ಉಡುತಡಿಯ ಹುಡುಗಿ ಕೌಶಿಕ ದೊರೆಗೆ ಷರತ್ತು ಹಾಕಿ ಮದುವೆಯಾಗುತ್ತಾಳೆ. ಷರತ್ತು ಮುರಿದಾಗ ಅರಮನೆಗೆ ಬೆನ್ನು ತಿರುಗಿಸಿ ನಡೆಯುತ್ತಾಳೆ. 15ನೇ ಶತಮಾನದ ಚಾಮರಸನ ಪ್ರಭುಲಿಂಗಲೀಲೆಗೆ ಬಂದರೆ ಆ ಮದುವೆಯೇ ಇಲ್ಲ. ಒಬ್ಬ ಕವಿಯ ಕೈಲಿ ಹೆಂಡತಿ, ಇನ್ನೊಬ್ಬನ ಕೈಲಿ ಕನ್ಯೆ. ಅದೇ ಶತಮಾನದಲ್ಲಿ ಶೂನ್ಯಸಂಪಾದನೆ ಕಟ್ಟಿದವರು ಬಿಡಿ ವಚನಗಳನ್ನು ಸಂವಾದವಾಗಿ ಜೋಡಿಸಿದರು. ಅಕ್ಕನನ್ನು ಅಲ್ಲಮನ ಮುಂದೆ ನಿಲ್ಲಿಸಿ, ಬಟ್ಟೆ ಬಿಟ್ಟವಳು ಕೂದಲಲ್ಲಿ ಮೈ ಯಾಕೆ ಮುಚ್ಚಿಕೊಂಡೆ ಅಂತ ಕೇಳಿಸಿದರು. ತನ್ನ ಪಾಡಿಗೆ ತಾನು ಹಾಡಿಕೊಂಡ ಮಾತು ಪರೀಕ್ಷೆಯ ಉತ್ತರವಾಯಿತು!

ಅಕ್ಕನಿಗೆ ಮದುವೆ ಆಗಿತ್ತೋ ಇಲ್ಲವೋ ಅಂತ ನಮ್ಮ ಪಂಡಿತರು ಪುಟಗಟ್ಟಲೆ ಜಗಳಾಡಿದ್ದಾರೆ. ಆಡಲಿ. ಆದರೆ ಅವಳು ಬಿಟ್ಟ ಬಟ್ಟೆಯ ನೂಲು ತೆಗೆದ ಕೈ ಯಾವುದು ಅಂತ ಕೇಳಿದವರೆಷ್ಟು ಮಂದಿ?

ನೂಲು ತೆಗೆಯುವವಳೂ ವಚನ ಬರೆದಳು. ಹೆಸರು ಕದಿರ ರೆಮ್ಮವ್ವೆ. ತಾನು ತಿರುಗಿಸುವ ರಾಟೆಯ ಒಂದೊಂದು ಭಾಗವನ್ನೇ ಬ್ರಹ್ಮ, ವಿಷ್ಣು, ರುದ್ರ ಮಾಡಿ ತನ್ನ ಕಾಯಕದ ಮನೆಯಲ್ಲಿ ಕೆಲಸಕ್ಕೆ ಹಚ್ಚಿದಳು. ಸೂಳೆ ಸಂಕವ್ವೆ ಇದ್ದಳು. ಅವಳದು ನಮಗೆ ಸಿಕ್ಕಿರುವುದು ಒಂದೇ ವಚನ. ಒಬ್ಬನ ಹತ್ತಿರ ಒತ್ತೆ ಹಿಡಿದ ಮೇಲೆ ಇನ್ನೊಬ್ಬನದನ್ನು ಮುಟ್ಟಲಾರೆ ಎಂಬ ತನ್ನ ಕಸುಬಿನ ನ್ಯಾಯದಲ್ಲೇ ನಿಷ್ಠೆಯ ಮಾತು ಆಡಿದಳು. ದೇವರಿಗೆ ನಿರ್ಲಜ್ಜೇಶ್ವರ ಅಂತ ಹೆಸರಿಟ್ಟಳು. ನಾಚಿಕೆ ಯಾರಿಗಾಗಬೇಕು?

ಇನ್ನು ನಮ್ಮ ಕಾಳವ್ವೆ. ಕುರಿ, ಕೋಳಿ, ಮೀನು ತಿಂದವರು ಕುಲದವರು, ದನ ತಿಂದ ಮಾದಿಗ ಕೀಳು, ಇದು ಯಾವ ಲೆಕ್ಕ ಅಂತ 12ನೇ ಶತಮಾನದಲ್ಲೇ ಕೇಳಿದವಳು. ಇವತ್ತಿಗೂ ನಮ್ಮ ಕೇರಿಯ ಹುಡುಗ ಹಾಸ್ಟೆಲಿನಲ್ಲಿ, ಬಾಡಿಗೆ ಮನೆ ಹುಡುಕುವಾಗ ಎದುರಿಸುವುದು ಇದೇ ಲೆಕ್ಕ. ಆದರೆ ಪುಸ್ತಕದಲ್ಲಿ ಅವಳ ಹೆಸರು ‘ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ’. ಅಂಕಿತದಲ್ಲೂ ಗಂಡನ ಹೆಸರೇ. ಕಳ್ಳನಾಗಿದ್ದ ಪೆದ್ದಣ್ಣ ಗುರುವಿನಿಂದ ಬದಲಾದ ಕತೆ ಊರಿಗೆಲ್ಲ ಗೊತ್ತು. ಆ ಪ್ರಶ್ನೆ ಕೇಳಿದ ಹೆಣ್ಣಿನ ಕತೆ ಹೇಳುವವರು ಯಾರು?

ದುಡಿವ ಹೆಣ್ಣಿನ ಕತೆ ಉಳಿದದ್ದೂ ಉಂಟು. ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಅಕ್ಕಿ ಆಯ್ದು ತರುವವನು. ಒಂದು ದಿನ ಜಾಸ್ತಿ ತಂದಾಗ, ಆಸೆ ಅರಸರಿಗಿರಲಿ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದಳು. ಕತೆ ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ಪುರಾಣದವರಿಗೆ ಸಾಲಲಿಲ್ಲ; ಆ ಹಿಡಿ ಅಕ್ಕಿಯಲ್ಲೇ 1,96,000 ಜಂಗಮರಿಗೆ ಊಟಕ್ಕಿಕ್ಕಿಸಿದರು. ಪವಾಡ ಬಂದ ಕೂಡಲೇ ಹಸಿವು ಮರೆಗೆ ಹೋಯಿತು. ಹಸಿದೂ ಬೇಡ ಅಂದವಳ ಗಟ್ಟಿತನ ನಮಗೆ ಬೇಕು, ಅಕ್ಷಯ ಪಾತ್ರೆಯಲ್ಲ.

ಕತೆ ಕಟ್ಟುವುದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ದಾಖಲೆ ಇಲ್ಲದವರಿಗೆ ಕತೆಯೇ ಆಸ್ತಿ. ಆದರೆ ಯಾರ ಬದುಕು ಕತೆಗೆ ಯೋಗ್ಯ ಅಂತ ತೀರ್ಮಾನಿಸಿದವರು ಯಾರು? ಅರಮನೆ ಬಿಟ್ಟು ಬಂದವಳಿಗೆ ಕಾವ್ಯ ಸಿಕ್ಕಿತು. ಅರಮನೆಯ ಬಾಗಿಲನ್ನೇ ಕಾಣದವರಿಗೆ ಹೆಸರು, ಕಸುಬು, ಅಂಕಿತ ಇಷ್ಟೇ ಉಳಿಯಿತು. ಅಕ್ಕ ದೊಡ್ಡವಳಲ್ಲ ಅಂತಲ್ಲ. ಒಬ್ಬಳನ್ನೇ ಗದ್ದುಗೆಯ ಮೇಲೆ ಕೂರಿಸಿದ ಜಾಗದಲ್ಲಿ ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ನಿಂತಿದ್ದರು ಅಂತ.

1923ರಲ್ಲಿ ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರ ಅಚ್ಚು ಹಾಕಿಸಿದರು. 1993ರಲ್ಲಿ ಸರ್ಕಾರ 15 ಸಂಪುಟ ತಂದಾಗ ಶರಣೆಯರಿಗೇ ಒಂದು ಸಂಪುಟ ಬಂತು. ಮಾತು ಈಗ ನಮ್ಮ ಕೈಲಿದೆ. ಹಳ್ಳಿಯ ಮೇಷ್ಟರೇ, ಅಕ್ಕನ ಪಾಠ ಮುಗಿದ ಮೇಲೆ ಕಾಳವ್ವೆಯ ಆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಿರಿ. ಬರೆಯುವ ಹುಡುಗ ಹುಡುಗಿಯರೇ, ಇವರ ಕತೆ ಕಟ್ಟಿ. ಪವಾಡದಿಂದ ಬೇಡ, ಕಾಯಕದಿಂದ ಶುರುಮಾಡಿ. ಗಂಡನ ಹೆಸರಿಂದ ಬೇಡ, ಅವಳು ಆಡಿದ ಮಾತಿಂದ ಶುರುಮಾಡಿ.