ತೇಡೆ ಮೀನು, ತೇಲುವ ದೋಣಿ

ಕಾಸರಗೋಡಿನ ಚರಿತ್ರೆ ಅಂದ ಕೂಡಲೇ ಬೇಕಲ ಕೋಟೆ, ಕುಂಬಳೆಯ ಅರಸರು, ಕೆಳದಿಯ ನಾಯಕರು ಬರುತ್ತಾರೆ. 1956ರ ನವೆಂಬರ್ 1ರ ಬಗ್ಗೆಯಂತೂ ಎಷ್ಟು ಬರೆದರೂ ಮುಗಿದಿಲ್ಲ. ಕೋಟೆಯ ಬುಡದ ಹೊಯಿಗೆಯಲ್ಲಿ ಬಲೆ ಒಣಗಿಸುತ್ತಿದ್ದವರ ವಿಷಯ ಹುಡುಕಿದರೆ ನಾಲ್ಕು ಸಾಲು ಸಿಗುವುದೂ ಕಷ್ಟ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಸಬಾ ಕಡಪ್ಪುರದ ಮೊಗವೀರರು ತಲೆಮಾರುಗಳಿಂದ ಹಿಡಿಯುತ್ತಾ ಬಂದ ಒಂದೇ ಒಂದು ಮೀನಿನ ಕತೆಯನ್ನು ಇಲ್ಲಿ ಬರೆಯುತ್ತೇನೆ. ಅದು ಈ ಕರಾವಳಿಯ ಚರಿತ್ರೆಯೂ ಹೌದು, ಗಡಿಯ ಚರಿತ್ರೆಯೂ ಹೌದು.

ತುಳುವಿನಲ್ಲಿ ತೇಡೆ, ಮಲಯಾಳದಲ್ಲಿ ಏಟ್ಟ. ಇಂಗ್ಲಿಷಿನವರು ಅದರ ಮೀಸೆ ನೋಡಿ ಬೆಕ್ಕಿನ ಹೆಸರಿಟ್ಟರು. ಗದ್ದೆಯ ತೋಡಿನಲ್ಲಿ ಸಿಗುವ ಮುಗುಡು ಇದರ ನಂಟನೇ, ಆದರೆ ತೇಡೆ ಸಮುದ್ರದ್ದು. ಅಳಿವೆಯ ಒಳಗೂ ಬರುವುದುಂಟು. ಮೈಮೇಲೆ ಹುರುಪೆ ಇಲ್ಲ, ಕೈಗೆ ಲೋಳೆ. ಬೆನ್ನಿನ ಮೇಲೊಂದು, ಕೆನ್ನೆಯ ಹಿಂದೆ ಎರಡು, ಹೀಗೆ ಗರಗಸದ ಹಲ್ಲಿನ ಮೂರು ಮುಳ್ಳು. ತಾಗಿದರೆ ಗೊತ್ತಾಗುತ್ತದೆ ಮಾರಾಯ್ರೆ, ದೊಡ್ಡ ಗಂಡಸೂ ಕೂತಲ್ಲೇ ಕೂಗಬೇಕು. ಬಿಸಿನೀರಿನಲ್ಲಿ ಕೈ ಅದ್ದಿ ಕೂತರೆ ನೋವು ಇಳಿಯುತ್ತದೆ, ಯಾಕೆಂದರೆ ಆ ವಿಷ ಬಿಸಿಗೆ ಕೆಡುವ ಜಾತಿಯದು.

ಸಣ್ಣ ದೋಣಿಯವರು ಇದನ್ನು ಹಿಡಿಯುತ್ತಿದ್ದದ್ದು ಹೆಚ್ಚಾಗಿ ಎರಡು ಬಗೆಯಲ್ಲಿ: ಗಾಳ ಹಾಕಿ, ಇಲ್ಲವೇ ತೇಲುವ ಬಲೆ ಬಿಟ್ಟು. ಈ ಬಲೆಗೆ ಮಲಯಾಳದಲ್ಲಿ ಒಳುಕ್ಕುವಲ ಎನ್ನುತ್ತಾರೆ, ಹರಿವಿನ ಜತೆ ಹೋಗುವ ಬಲೆ ಅಂತ ಅರ್ಥ. ನಮ್ಮ ಕಡೆ ಬೀಡುಬಲೆ. ಹೊತ್ತು ಕಂತುವ ಸಮಯಕ್ಕೆ ಮೂರು ನಾಲ್ಕು ಜನ ದೋಣಿ ಇಳಿಸುತ್ತಾರೆ. ಬಲೆಯನ್ನು ನೀರಿನಲ್ಲಿ ಗೋಡೆಯ ಹಾಗೆ ಇಳಿಬಿಡುತ್ತಾರೆ. ಮೇಲಂಚಿಗೆ ಹಗುರ ಮರದ ತುಂಡುಗಳು, ಕೆಳಗಂಚಿಗೆ ಕಲ್ಲು. ಒಂದು ತುದಿಯ ಹಗ್ಗ ದೋಣಿಗೆ ಕಟ್ಟಿರುತ್ತದೆ. ಲಂಗರು ಹಾಕುವುದಿಲ್ಲ. ನೀರು ಹೋದ ಕಡೆಗೆ ಬಲೆ, ಬಲೆ ಹೋದ ಕಡೆಗೆ ದೋಣಿ, ದೋಣಿ ಹೋದ ಕಡೆಗೆ ಜನ. ಉಳಿದ ಮೀನುಗಳು ಕಣ್ಣಿಗೆ ತಲೆ ತೂರಿಸಿ ಕಿವಿರಿನ ಹತ್ತಿರ ಸಿಕ್ಕಿಬೀಳುತ್ತವೆ, ತೇಡೆ ಹಾಗಲ್ಲ, ಅದರ ಮುಳ್ಳೇ ಅದಕ್ಕೆ ಶತ್ರು. ಬಲೆಗೆ ಮುಳ್ಳು ತಾಗಿತೋ, ಒದ್ದಾಡಿದಷ್ಟೂ ನೂಲು ಸುತ್ತಿಕೊಳ್ಳುತ್ತದೆ. ಬೆಳಗಾದ ಮೇಲೆ ಅವನ್ನು ಬಿಡಿಸುವುದು ಹಿಡಿಯುವುದಕ್ಕಿಂತ ದೊಡ್ಡ ಕೆಲಸ. ಮುಳ್ಳನ್ನು ಕೋಲಿನಿಂದ ಹೊಡೆದು ಮುರಿದು ಬಿಡಿಸಬೇಕು. ನೈಲಾನ್ ಬರುವ ಮೊದಲು ಹತ್ತಿ ನೂಲಿನ, ಸಣಬಿನ ಬಲೆಗಳಿದ್ದ ಕಾಲದಲ್ಲಿ ತೇಡೆಯ ಗುಂಪು ಬಿದ್ದರೆ ಲಾಭವೋ ನಷ್ಟವೋ ಹೇಳಲಿಕ್ಕೆ ಕಷ್ಟ.

ಇಲ್ಲಿ ನೀರಿನ ವಿಷಯ ಸ್ವಲ್ಪ ಹೇಳಬೇಕು. ಮಳೆಗಾಲದಲ್ಲಿ ನಮ್ಮ ತೀರದ ಹರಿವು ತೆಂಕಕ್ಕೆ, ಚಳಿಗಾಲ ಬಂತೆಂದರೆ ಅದು ತಿರುಗಿ ಬಡಗಕ್ಕೆ. ಹಾಗಾಗಿ ಡಿಸೆಂಬರಿನ ಒಂದು ರಾತ್ರಿ ಮಂಜೇಶ್ವರದ ಎದುರು ಬಲೆ ಬಿಟ್ಟ ದೋಣಿ ಬೆಳಗಾಗುವಾಗ ತಲಪಾಡಿ ದಾಟಿ ಸೋಮೇಶ್ವರದ ನೇರಕ್ಕೆ ಮುಟ್ಟಿದರೆ ಆಶ್ಚರ್ಯವಿಲ್ಲ. 1956ಕ್ಕೆ ಮೊದಲು ಅದು ಒಂದೇ ದಕ್ಷಿಣ ಕನ್ನಡ ಜಿಲ್ಲೆ, ಒಂದೇ ಮದರಾಸು ಸರಕಾರ. ಆಮೇಲೆ ಅದೇ ದೋಣಿ, ಅದೇ ನೀರು, ನಿದ್ದೆಯಲ್ಲೇ ರಾಜ್ಯ ಬದಲಾಯಿಸಿತು. ತಲಪಾಡಿಯಲ್ಲಿ ರಸ್ತೆಗೆ ಅಡ್ಡ ಗೇಟು ಬಂತು, ಕಡಲಿಗೆ ಗೇಟು ಹಾಕಲು ಯಾರಿಂದಲೂ ಆಗಲಿಲ್ಲ.

ಹಿಡಿದ ತೇಡೆ ಅಂದಂದಿಗೆ ಪುಳಿಮುಂಚಿಗೆ, ಉಳಿದದ್ದು ಉಪ್ಪಿಗೆ. ಮದರಾಸು ಸರಕಾರ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಪಶ್ಚಿಮ ಕರಾವಳಿಯಲ್ಲಿ ಮೀನು ಒಣಗಿಸುವ ಅಂಗಳಗಳನ್ನು ತೆರೆದು, ಸುಂಕವಿಲ್ಲದ ಉಪ್ಪು ಕೊಡುತ್ತಿತ್ತು. ಉಪ್ಪಿನ ಮೇಲೆ ತೆರಿಗೆ ಇದ್ದ ಆ ಕಾಲದಲ್ಲಿ ಬಡವನ ಮೀನಿಗೆ ಅದು ದೊಡ್ಡ ಆಸರೆ. ತೇಡೆಯ ಹೊಟ್ಟೆಯೊಳಗಿನ ಗಾಳಿಚೀಲಕ್ಕೂ ಬೆಲೆ ಇತ್ತು. ಅಂಥ ಗಾಳಿಚೀಲಗಳು ಒಣಗಿ ಪರದೇಶಕ್ಕೆ ಹೋಗುತ್ತಿದ್ದವು.

ಇನ್ನು ಮುಖ್ಯ ವಿಷಯ. ಬೂತಾಯಿ, ಬಂಗುಡೆಗಳು ಲೆಕ್ಕವಿಲ್ಲದಷ್ಟು ಸಣ್ಣ ಮೊಟ್ಟೆಗಳನ್ನು ನೀರಿಗೆ ಬಿಟ್ಟು ಹೋಗುತ್ತವೆ. ಬದುಕಿದ್ದು ಬದುಕಿತು. ತೇಡೆ ಇಡುವುದು ಕೆಲವೇ ಹತ್ತು ಮೊಟ್ಟೆ, ಒಂದೊಂದೂ ಮಕ್ಕಳ ಗೋಲಿಯಷ್ಟು. ಅವನ್ನು ಕಾಯುವವನು ಅಪ್ಪ. ಮೊಟ್ಟೆಗಳನ್ನು ಬಾಯಿಯೊಳಗೆ ತುಂಬಿಕೊಂಡು, ಅವು ಒಡೆದು ಮರಿಗಳು ಈಜುವವರೆಗೆ ವಾರಗಟ್ಟಲೆ ಗಂಡು ಮೀನು ಏನೂ ತಿನ್ನದೆ ಇರುತ್ತದೆ. ಮದರಾಸು ಸೈನ್ಯದ ವೈದ್ಯ ಫ್ರಾನ್ಸಿಸ್ ಡೇ 1865ರಲ್ಲಿ ಮಲಬಾರಿನ ಮೀನುಗಳ ಬಗ್ಗೆ ಪುಸ್ತಕ ಪ್ರಕಟಿಸಿದವನು. ತೇಡೆಯ ಈ ಗುಣವನ್ನು ಅವನೂ ಗಮನಿಸಿ ಬರೆದಿದ್ದ. ಕಡಪ್ಪುರದ ಹೆಂಗಸರಿಗೆ ಇದನ್ನು ಯಾವ ಡೇಯೂ ಹೇಳಿಕೊಡಬೇಕಾಗಿರಲಿಲ್ಲ, ಮೀನು ಕೊಯ್ಯುವವರು ಅವರೇ ಅಲ್ಲವೇ.

ಏನೂ ತಿನ್ನದ ಮೀನು ಗಾಳ ಕಚ್ಚುವುದಿಲ್ಲ. ಎಂದರೆ ಗಾಳದ ದೋಣಿಗೆ ಮೊಟ್ಟೆ ಹೊತ್ತ ಗಂಡು ಸಿಗುವುದು ಅಪರೂಪ. ಬೀಡುಬಲೆಗೆ ಸಿಗುತ್ತದೆ, ಇಲ್ಲ ಅನ್ನುವಂತಿಲ್ಲ. ಆದರೆ ಕತ್ತಲಲ್ಲಿ ತೇಲುವ ಬಲೆ ಗುಂಪನ್ನು ಹುಡುಕಿಕೊಂಡು ಹೋಗುವುದಿಲ್ಲ. ದಾರಿಗೆ ಅಡ್ಡ ಬಂದದ್ದು ಸಿಕ್ಕಿತು, ಉಳಿದದ್ದು ಹೋಯಿತು. ಹಿಂದಿನವರು ದಯೆಯಿಂದ ಬಿಟ್ಟರು ಎಂದು ನಾನು ಹೇಳುವುದಿಲ್ಲ. ಕೈಗೆ ಸಿಕ್ಕಿದ್ದರೆ ಅವರೂ ಬಿಡುತ್ತಿರಲಿಲ್ಲ. ಹುಟ್ಟು ಹಾಕುವ ದೋಣಿಗೆ ಅಷ್ಟು ಶಕ್ತಿ ಇರಲಿಲ್ಲ, ಅಷ್ಟೆ.

ಆ ಶಕ್ತಿ ಬಂದದ್ದು ಪರ್ಸೀನ್ ಬೋಟಿನ ಜತೆ. ಕರ್ನಾಟಕ ಕರಾವಳಿಯಲ್ಲಿ ಅದು ಶುರುವಾದದ್ದು 1970ರ ದಶಕದ ನಡುವೆ, ಕೆಲವೇ ವರ್ಷಗಳಲ್ಲಿ ಬೋಟುಗಳ ಸಂಖ್ಯೆ ನೂರು ದಾಟಿತು. ಗುಂಪು ಕಂಡ ಕೂಡಲೇ ಇಂಜಿನ್ ಬೋಟು ಅದರ ಸುತ್ತ ಓಡಿ, ಸುಮಾರು ಅರ್ಧ ಕಿಲೋಮೀಟರ್ ಉದ್ದದ ಬಲೆಯಿಂದ ಬೇಲಿ ಹಾಕುತ್ತದೆ. ಆಮೇಲೆ ಬಲೆಯ ಅಡಿಯಲ್ಲಿ ಬಳೆಗಳ ಮೂಲಕ ಹಾಯ್ದ ಹಗ್ಗವನ್ನು ಎಳೆದರೆ ಕವಡೆ ಚೀಲದ ಬಾಯಿ ಕಟ್ಟಿದ ಹಾಗೆ ಕೆಳಗಿನಿಂದ ಮುಚ್ಚಿಹೋಗುತ್ತದೆ. ಒಳಗಿದ್ದದ್ದೆಲ್ಲ ಬೋಟಿಗೆ. ರಂಪಣಿಯವರು ಇದನ್ನು ವಿರೋಧಿಸಿದರು, ಗಲಾಟೆಗಳಾದವು, ಕೊನೆಗೆ ರಂಪಣಿಯೇ ಮೂಲೆ ಸೇರಿತು. ಅದರ ಕತೆಯನ್ನು ಬರೆದವರಿದ್ದಾರೆ. ತೇಡೆಯ ಕತೆ ಅಷ್ಟು ಗದ್ದಲ ಮಾಡಲಿಲ್ಲ.

ಮೊಟ್ಟೆ ಹೊತ್ತ ಗಂಡುಗಳು ಗುಂಪುಗುಂಪಾಗಿ ಈ ಬಲೆಯೊಳಗೆ ಬಿದ್ದವು. ಮೇಲಕ್ಕೆಳೆದಾಗ ಉಸಿರು ಕಟ್ಟಿದ ಮೀನು ಬಾಯಿ ತೆರೆಯುತ್ತದೆ, ಮೊಟ್ಟೆ ಉದುರುತ್ತದೆ. ಅಪ್ಪನೂ ಹೋದ, ಮುಂದಿನ ತಲೆಮಾರೂ ಹೋಯಿತು. 1980ರ ದಶಕದ ಮೊದಲಲ್ಲೇ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಂಗಳೂರಿನ ಪರ್ಸೀನ್ ಬೋಟುಗಳಲ್ಲಿ ಹೀಗೆ ನಾಶವಾದ ಮೊಟ್ಟೆಗಳ ಬಗ್ಗೆ ವರದಿ ಬರೆದು, ನಿಯಂತ್ರಣ ಬೇಕು ಎಂದರು. ಅದೇ ಕಾಲಕ್ಕೆ ಟ್ರಾಲ್ ಬಲೆಗಳು ತಳದಲ್ಲಿದ್ದ ಮರಿಗಳನ್ನೂ ಬಾಚುತ್ತಿದ್ದವು. 1990ರ ದಶಕಕ್ಕೆ ಬರುವಾಗ ಕರ್ನಾಟಕ, ಕೇರಳ ತೀರದ ತೇಡೆ ಮೀನುಗಾರಿಕೆ ಕುಸಿದುಬಿತ್ತು. ಕೆಲವೇ ಮೊಟ್ಟೆ ಇಡುವ ಮೀನಿಗೆ ಚೇತರಿಸಿಕೊಳ್ಳಲು ಬೂತಾಯಿಯ ಹಾಗೆ ಒಂದೆರಡು ಮಳೆಗಾಲ ಸಾಕಾಗುವುದಿಲ್ಲ.

ಕಾನೂನು ಇರಲಿಲ್ಲವೇ? ಇತ್ತು. ಕೇರಳ 1980ರಲ್ಲೇ ಸಮುದ್ರ ಮೀನುಗಾರಿಕಾ ನಿಯಂತ್ರಣ ಕಾಯಿದೆ ತಂದು, ತೀರದಿಂದ ಸುಮಾರು 22 ಕಿಲೋಮೀಟರಿನೊಳಗೆ ಪರ್ಸೀನ್ ಕೂಡದೆಂದಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1993ರಲ್ಲಿ ನಿಷೇಧವೇ ಗೆದ್ದಿತು. ಕರ್ನಾಟಕದ ಕಾಯಿದೆ ಬಂದದ್ದು 1986ರಲ್ಲಿ. ಅಲ್ಲಿ ಪರ್ಸೀನಿಗೆ ಅಂಥ ಪೂರ್ತಿ ತಡೆ ಇರಲಿಲ್ಲ. ಹೀಗೆ ತಲಪಾಡಿಯ ತೆಂಕಕ್ಕೆ ತಪ್ಪಾದದ್ದು ಬಡಗಕ್ಕೆ ಕಸುಬು. ಹರಿವಿನ ಜತೆ ಹೋಗುವ ತೇಡೆಗೆ ಇದು ಹೇಗೆ ಗೊತ್ತಾಗಬೇಕು! ಗಡಿಯ ವಿಷಯದಲ್ಲಿ ನಾವು ಶಾಲೆ, ಭಾಷೆ, ಕಚೇರಿಯ ಕಾಗದಗಳ ಬಗ್ಗೆ ಸರಿಯಾಗಿಯೇ ಮಾತಾಡಿದೆವು, ಆದರೆ ಗಡಿಯಿಂದ ಕಡಲಿಗೆ ಏನಾಯಿತು ಎಂದು ಕೇಳಿದವರು ಕಡಿಮೆ. ಬಡಗಿನವರನ್ನು ಮಾತ್ರ ದೂರುವುದೂ ನ್ಯಾಯವಲ್ಲ. ಕೇರಳದಲ್ಲಿ 1980ರ ದಶಕದಲ್ಲಿ ಮೋಟಾರು ಕಟ್ಟಿದ ದೋಣಿಗಳಿಗೆ ರಿಂಗ್ ಸೀನ್ ಬಲೆ ಬಂತು. ಅದು ಪರ್ಸೀನಿನ ತಮ್ಮನೇ. ಸುತ್ತುಗಟ್ಟಿ ಹಿಡಿಯುವ ಆಸೆ ಎರಡೂ ಕಡೆಯಲ್ಲಿ ಒಂದೇ.

ಈಗಲೂ ಬೀಡುಬಲೆ ಬಿಡುವವರು ಇದ್ದಾರೆ, ತೇಡೆ ಆಗೊಮ್ಮೆ ಈಗೊಮ್ಮೆ ಬೀಳುತ್ತದೆ. ಮಾರ್ಕೆಟಿನಲ್ಲಿ ಕಾಣುವುದೆಲ್ಲ ನಮ್ಮ ಕಡಲಿನದ್ದೇ ಅಂತ ಹೇಳುವಂತಿಲ್ಲ, ಐಸ್ ಪೆಟ್ಟಿಗೆಯಲ್ಲಿ ದೂರದಿಂದ ಬಂದದ್ದೂ ಉಂಟು. ಮೀನಿನ ಹೆಂಗಸರನ್ನು ಕೇಳಿದರೆ ಹೇಳುತ್ತಾರೆ. ಹರಿವಿಗೆ, ಗಾಳಿಗೆ, ಬಲೆಯ ಕಣ್ಣಿನ ಅಳತೆಗೆ ಹಳಬರು ಇಟ್ಟ ಹೆಸರುಗಳು ಇನ್ನೂ ಕೆಲವು ಮನೆಗಳಲ್ಲಿ ಬದುಕಿವೆ. ಮರದ ತೇಲುತುಂಡು ಅಟ್ಟದಲ್ಲಿ ಉಳಿದಿದ್ದರೂ ಇದ್ದೀತು. ಇದ್ದವರು ವಾಚನಾಲಯಕ್ಕೆ ತಂದು ತೋರಿಸಿ, ಹೆಸರುಗಳನ್ನು ಮೇಜಿನ ಮೇಲಿನ ಪುಸ್ತಕದಲ್ಲಿ ಬರೆಸಿ ಹೋದರೆ ಉಪಕಾರ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ.