ಹಲಗಲಿಗೆ ಕೋಟೆ ಇರಲಿಲ್ಲ

ಹಲಗಲಿ ಎಂದರೆ ಹತ್ತನೆಯ ತರಗತಿ ಕನ್ನಡ ಓದಿದವರಿಗೆ ಲಾವಣಿ ನೆನಪಾಗುತ್ತದೆ. ಹನುಮ, ಬಾಲ, ಜಡಗ, ರಾಮ ಎಂಬ ಬೇಡರ ಹೆಸರುಗಳು ನಾಲಿಗೆಗೆ ಬರುತ್ತವೆ. ಆದರೆ ಮುಧೋಳ ತಾಲೂಕಿನ ಈ ಊರು ಸುಟ್ಟಿದ್ದೇಕೆ ಎಂದು ಹುಡುಕಿದರೆ ಬೆಳಗಾವಿ ಕೋಟೆಯ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಆ ಕೋಟೆಯನ್ನು ಈಸ್ಟ್ ಇಂಡಿಯಾ ಕಂಪನಿಯವರು 1818ರ ಏಪ್ರಿಲ್‌ನಲ್ಲಿ ಪಡೆದದ್ದು ಮುತ್ತಿಗೆ ಹಾಕಿ. ಥಾಮಸ್ ಮನ್ರೋನ ತೋಪುಗಳು ಮೂರು ವಾರ ಗುಂಡು ಹಾರಿಸಿದ ಮೇಲೆ ಕಿಲ್ಲೇದಾರ ಮಣಿದಿದ್ದ. 1857ರಲ್ಲಿ ಅದೇ ಗೋಡೆಯ ಹಿಂದೆ ನಿಲ್ಲುವ ಪಾಳಿ ಅವರದಾಯಿತು. ಜುಲೈ 31ರ ರಾತ್ರಿ ಕೊಲ್ಲಾಪುರದಲ್ಲಿ 27ನೆಯ ದೇಶಿ ಪಲ್ಟಣ ದಂಗೆ ಎದ್ದಿತು. ಬೆಳಗಾವಿಯಲ್ಲಿದ್ದದ್ದೂ ದೇಶಿ ಪಲ್ಟಣವೇ. ಬಿಳಿಯ ಸೈನಿಕರು ಬೆರಳೆಣಿಕೆ, ಅವರ ಹೆಂಡಿರು ಮಕ್ಕಳೇ ಹೆಚ್ಚು. ದಂಡಿನ ಹಿರಿಯ ಜನರಲ್ ಲೆಸ್ಟರ್ ಗದ್ದಲ ಮಾಡದೆ ಕೋಟೆ ದುರಸ್ತಿ ಮಾಡಿಸಿದ, ಮದ್ದುಗುಂಡುಗಳನ್ನು ಒಳಗೆ ಸಾಗಿಸಿದ. ಗೋಡೆ ಗಟ್ಟಿಯಾಯಿತು. ಹೊರಗಿನ ಸೀಮೆಯದೇ ಚಿಂತೆ.

ಆ ಸೀಮೆ ಒಬ್ಬರ ಕೈಯಲ್ಲಿರಲಿಲ್ಲ. ಜಮಖಂಡಿ, ಬನಹಟ್ಟಿ ಪಟವರ್ಧನರವು. ಬನಹಟ್ಟಿಗೆ ಅಂಟಿಕೊಂಡ ರಬಕವಿಗೆ ಸಾಂಗಲಿಯ ದೊರೆ. ಮುಧೋಳ ಘೋರ್ಪಡೆಯವರದು, ಬೀಳಗಿಯಲ್ಲಿ ಕಂಪನಿಯ ಆಳ್ವಿಕೆ. ಊರೂರಿಗೆ ಗಡಿ, ಮನೆಮನೆಯಲ್ಲಿ ಹತಾರ. ಸೆಪ್ಟೆಂಬರ್‌ನಲ್ಲಿ ನಿಶ್ಶಸ್ತ್ರೀಕರಣ ಕಾಯಿದೆ ಬಂತು. ಇದ್ದ ಹತಾರಗಳನ್ನು ಬರೆಸಬೇಕು, ಪರವಾನಗಿ ಇಲ್ಲದಿದ್ದರೆ ಒಪ್ಪಿಸಬೇಕು. ಕಚೇರಿಯಲ್ಲಿ ಕುಳಿತು ನೋಡಿದರೆ ಇದು ಜಾಣ ಲೆಕ್ಕ: ಹಳ್ಳಿಯಲ್ಲಿ ಬಂದೂಕಿಲ್ಲದಿದ್ದರೆ ಕೋಟೆಗೆ ಮುತ್ತಿಗೆಯೇ ಇಲ್ಲ.

ಬೇಡರಿಗೆ ಮಾತ್ರ ಹತಾರ ಎಂದರೆ ಬೇಟೆ, ಕಾವಲು, ಮಾನ ಎಲ್ಲವೂ. ಮುಧೋಳದಿಂದ ಬೀಳಗಿ ಕಡೆಗೆ ಹಬ್ಬಿದ ಕುರುಚಲು ಗುಡ್ಡಗಳಲ್ಲಿ ಇಂದಿಗೂ ಚಿಂಕಾರಗಳಿವೆ. ಯಡಹಳ್ಳಿಯ ವನ್ಯಧಾಮ ಅವುಗಳಿಗಾಗಿಯೇ ಆದದ್ದು. ಇಂಥ ನೆಲದಲ್ಲಿ ಬೆಳೆದವರು ಹತಾರ ಕೊಟ್ಟು ಮನೆಯಲ್ಲಿ ಕೂರುವುದು ಹೇಗೆ? ಕೇಳಲು ಬಂದ ಕಾರಕೂನನ ಕಪಾಳಕ್ಕೆ ಬಿತ್ತೆಂದು ಲಾವಣಿಕಾರ ಕುರ್ತಕೋಟಿ ಕಲ್ಮೇಶ ಹಾಡುತ್ತಾನೆ. ಮಂಟೂರು, ಆಲಗುಂಡಿ ಮೊದಲಾದ ಊರುಗಳ ಬೇಡರೂ ಹಲಗಲಿಗೆ ಬಂದು ಸೇರಿ, ಐನೂರರಷ್ಟು ಜನ ನೆರೆದರು.

ನವೆಂಬರ್ 29ರಂದು ಕರ್ನಲ್ ಮಾಲ್ಕಮ್‌ನ ಕುದುರೆ ದಂಡು ಬಂದು ಅವರನ್ನು ಊರೊಳಗೆ ಅಟ್ಟಿತು. ಮರುದಿನ ಕಂಪನಿಯ ಅಧಿಕಾರಿ ಸೆಟನ್ ಕಾರ್ ಕಾಲಾಳುಗಳೊಂದಿಗೆ ಬಂದ. ಬೇಡರಿಗೆ ಕಂದಕವಿಲ್ಲ, ಬುರುಜಿಲ್ಲ. ಮನೆಗಳೇ ಮರೆ, ಓಣಿಗಳೇ ಮೋರ್ಚೆ. ಗುಡ್ಡ ಹತ್ತಿದ್ದರೆ ಕುದುರೆಗಳಿಗೆ ಕಷ್ಟವಾಗುತ್ತಿತ್ತು ಎಂದು ಇಂದು ನಾವು ಹೇಳಬಹುದು. ಹೆಂಡಿರು ಮಕ್ಕಳು, ಕಣಜದ ಕಾಳು ಇರುವ ಊರನ್ನು ಬಿಟ್ಟು ಹೋಗುವುದು ಸುಲಭವೇ? ಮನೆಯೊಳಗಿನಿಂದ ಗುಂಡು ಬರುವುದು ನಿಲ್ಲದಿದ್ದಾಗ ದಂಡಿನವರು ಮನೆಗಳಿಗೆ ಬೆಂಕಿ ಹಚ್ಚಿದರು. ನೂರರಷ್ಟು ಜನ ಸತ್ತರು, ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಸೆರೆಯಾದರು. ಡಿಸೆಂಬರ್ 11ರ ಶುಕ್ರವಾರ ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿಯೇ 6 ಜನರನ್ನು ಗಲ್ಲಿಗೇರಿಸಿದರು.

ದಂಡಿನವರು ದೋಚಿದ್ದರ ಪಟ್ಟಿಯೂ ಲಾವಣಿಯಲ್ಲಿದೆ: ಕೊಡಲಿ, ಮೊಸರು, ಉಪ್ಪು, ಬೆಲ್ಲ, ಮಂಗಳಸೂತ್ರ, ಕೊನೆಗೆ ಬೀಸುಕಲ್ಲು. ಹತಾರ ಹುಡುಕಲು ಬಂದವರಿಗೆ ಬೀಸುಕಲ್ಲೇಕೆ ಬೇಕಿತ್ತೋ! ಸರಕಾರಿ ವರದಿಗಳು ಹೆಣ ಎಣಿಸುತ್ತವೆ, ಗಂಗಾಳ ಎಣಿಸುವುದಿಲ್ಲ. ಈ ಊರಿನ ಚರಿತ್ರೆಗೆ ಲಾವಣಿಯನ್ನೂ ಸಾಕ್ಷಿಯಾಗಿ ಕರೆಯಲೇಬೇಕು ಎನ್ನುವುದು ಇದಕ್ಕೇ.

ಬೆಳಗಾವಿ ಕೋಟೆಗೆ ಯಾರೂ ಮುತ್ತಿಗೆ ಹಾಕಲಿಲ್ಲ. ಕಾಯಿದೆ ಮಾತ್ರ ಮುಂದಿನ ಬೇಸಿಗೆಗೆ ನರಗುಂದ ಮುಟ್ಟಿತು. ಅಲ್ಲಿ ಗುಡ್ಡದ ಮೇಲೆ ನಿಜವಾದ ಕೋಟೆಯೇ ಇತ್ತು. ಆದರೆ ಅಲ್ಲಿನ ದೊರೆ ಬಾಬಾಸಾಹೇಬ ಭಾಸ್ಕರರಾವ್ ದೊಡ್ಡ ತೋಪುಗಳನ್ನು ಧಾರವಾಡಕ್ಕೆ ಕಳಿಸಿಕೊಟ್ಟ ಮೇಲೆ ಬಂಡೆದ್ದಿದ್ದ. ಅಲ್ಲಿಗೂ ಬಂದವನು ಅದೇ ಮಾಲ್ಕಮ್. ಜೂನ್ 1ರಂದು ಪೇಟೆ ಹಿಡಿದು, ಮರುದಿನ ಮುಂಜಾನೆ ಗುಡ್ಡ ಹತ್ತಿದ ದಂಡಿಗೆ ನರಗುಂದದ ಕೋಟೆ ಬರಿದಾಗಿ ಸಿಕ್ಕಿತು.